ಚಂದ್ರನ ಮೇಲೆ ಹೊರಿಸಿದ್ದು

ಆಗಸ್ಟ್ 31, 2025, ರವಿವಾರ

ಅಂಗಡಿಗೆ ಬಂದ ಬಿಟ್ಟಿ ಡೈರಿ ಇದು. ಜನವರಿಯಿಂದ ಖಾಲಿ ಬಿದ್ದಿತ್ತು. ದೇವಿದಾಸನ ಅಕ್ಷರ ಮುತ್ತಿನ ಹಾಗೆ ಎಂದು ಕಾರವಾರ ಪೇಟೆಯೆಲ್ಲ ಹೇಳುತ್ತದೆ. ಆದರೆ ಇಪ್ಪತ್ತಾರು ವರ್ಷದಿಂದ ನಾನು ಬರೆದದ್ದೆಲ್ಲ ಪಾತ್ರೆಗಳ ಮೇಲೆ, ಅದೂ ಇನ್ನೊಬ್ಬರ ಹೆಸರು. ಮಾಬ್ಲೇಶ್ವರ ಸಾಹುಕಾರರ ಪಾತ್ರೆ ಅಂಗಡಿಯ ಬಾಗಿಲಲ್ಲಿ ಕೂತು ಲೋಟ, ತಟ್ಟೆ, ಕೊಡಗಳಿಗೆ ಹೆಸರು ಹಾಕುವುದು ನನ್ನ ಕೆಲಸ. ಇವತ್ತು ನನ್ನ ಬಗ್ಗೆಯೇ ಬರೆಯುವಂಥದ್ದು ಸಿಕ್ಕಿದೆ, ಬರೆಯುತ್ತೇನೆ.

ಅಂಕೋಲೆಯ ನಮ್ಮ ಮನೆಯಲ್ಲಿ ಜಿರಲೆ, ನೊಣ ವಿಪರೀತ. ಮೀನಿನ ಮನೆ ಎಂದಮೇಲೆ ನೊಣ ಇದ್ದದ್ದೇ. ಕಳೆದ ತಿಂಗಳು ನನ್ನ ಹೆಂಡತಿ ಲತಾ ಸಿಟ್ಟು ನೆತ್ತಿಗೇರಿ ಅಡಿಗೆಮನೆಗೆಲ್ಲ ಔಷಧ ಹೊಡೆದಳು. ಆ ವಾಸನೆ ಮೀನು ಮಾರುವ ನನ್ನ ಅಕ್ಕನ ಬುಟ್ಟಿಗೆ ಹತ್ತಿತು. ಪೇಟೆಯಲ್ಲಿ ಗಿರಾಕಿಗಳು ಮೂಗು ಮುಚ್ಚಿಕೊಂಡು ಮುಂದೆ ಹೋದರಂತೆ. ಅಕ್ಕ ಲತಾಳಿಗೆ ಏನೂ ಅನ್ನಲಿಲ್ಲ, ನನ್ನ ಹತ್ತಿರ ಬಂದಳು.

"ತಮಾ, ಮೀನಿಗೆ ಮೀನಿಂದೇ ವಾಸ್ನೆ ಇರ್ಬೇಕು. ಇನ್ನೊಂದ್ಸಲ ಆ ಔಷಧ ಮನೆ ಒಳಗೆ ಬಂತು ಅಂದ್ರೆ ನಾ ಬುಟ್ಟಿ ತಕಂಡು ದಂಡೆಗೆ ಹೋಗಿ ಮಲಗ್ತೆ."

ಹೇಳಿದರೆ ಮಾಡುವವಳೇ. ಕಾಶಿ ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಆರು ವರ್ಷದವನಿದ್ದಾಗ ತಾಯಿ ಹೋದಳು, ಆಮೇಲೆ ನನ್ನನ್ನು ಬೆಳೆಸಿದ್ದು ಅವಳ ಬುಟ್ಟಿಯೇ. ಭಾವ ತೀರಿಕೊಂಡ ಮೇಲೆ ಮಗಳು ಭವ್ಯಾಳನ್ನು ಕರೆದುಕೊಂಡು ನಮ್ಮ ಜೊತೆಗೇ ಇದ್ದಾಳೆ. ಭವ್ಯಾಳನ್ನು ಕಾರವಾರಕ್ಕೆ ಕೊಟ್ಟು ವರ್ಷವಾಯಿತು, ಈಗ ಬಸುರಿ. ಅಕ್ಕನ ಎಡಗಣ್ಣಿಗೆ ಪೊರೆ ಬಂದಿದೆ, ದೀಪಾವಳಿ ಕಳೆದ ಮೇಲೆ ತೆಗೆಸಬೇಕು. ಬಲಗಣ್ಣು ಮಾತ್ರ ಹದ್ದಿನದು. ಒಂದೇ ಸಲ ಕಿವಿರು ಎತ್ತಿ ನೋಡಿದರೆ ಮೀನು ಯಾವಾಗ ಬಲೆಗೆ ಬಿತ್ತು ಎಂದು ಹೇಳುತ್ತಾಳೆ.

ನನ್ನ ಉಪಾಯ ಇದು. ಅಂಗಡಿಯಲ್ಲಿ ಲೇಸರ್ ಮಶೀನು ಬಂದು ಎರಡು ವರ್ಷವಾಯಿತು. ನೀಲಿ ಬೆಳಕು ಉಕ್ಕಿನ ಮೇಲೆ ಹೆಸರನ್ನು ಸುಟ್ಟು ಬರೆಯುತ್ತದೆ. ಬೆಳಕು ಬರುವ ಅದರ ಮೂತಿಯನ್ನು ಮೊನ್ನೆ ಹೊಸದು ಹಾಕಿದೆವು. ಹಳೆಯದು ಇನ್ನೂ ಜೀವದಲ್ಲಿದೆ. ಉಕ್ಕನ್ನು ಸುಡುವ ಬೆಳಕಿಗೆ ಜಿರಲೆ ಯಾವ ಲೆಕ್ಕ? ವಾಸನೆಯಿಲ್ಲ, ವಿಷವಿಲ್ಲ. ಆ ಹಳೆಯ ಮೂತಿಯನ್ನು ಮನೆಗೆ ತಂದು ಬ್ಯಾಟರಿ ಕಟ್ಟಿ, ಹಿಡಿ ಮಾಡಿ, ಗುಂಡಿ ಕೂರಿಸಿದೆ. ಇಂಥದ್ದು ಮಾಡಿದವನು ಅಂಕೋಲೆಯಲ್ಲಿ ಇನ್ನೊಬ್ಬ ಇರಲಾರ.

ಸೆಪ್ಟೆಂಬರ್ 3, ಬುಧವಾರ

ಮೂರು ದಿನದಲ್ಲಿ ಜಿರಲೆ ಹದಿನಾಲ್ಕು, ನೊಣ ಒಂಬತ್ತು. ಗುಂಡಿ ಒತ್ತಿದರೆ ಟಿಕ್ ಎನ್ನುತ್ತದೆ, ಒಂದೆಳೆ ಹೊಗೆ, ಮುಗಿಯಿತು.

ನಾನು ಅಡ್ಡಾದಿಡ್ಡಿ ಮಾಡುವ ಜಾತಿಯವನಲ್ಲ. ಮೂತಿಯ ಮೇಲೆ ಹಳದಿ ತ್ರಿಕೋನದ ಚೀಟಿ ಇದೆ. ಬೆಳಕನ್ನೂ ನೋಡಬಾರದು, ಅದು ಬೇರೆ ಕಡೆ ತಾಗಿ ಹೊರಳಿ ಬಂದದ್ದನ್ನೂ ನೋಡಬಾರದು ಎಂದು ಅದರ ಅರ್ಥ. ಉಕ್ಕು ಬೆಳಕನ್ನು ಹೇಗೆ ಎಸೆಯುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅಂಗಡಿಯಲ್ಲಿ ಮಶೀನಿನ ಮುಚ್ಚಳ ಹಾಕದೆ ಒಂದು ಚಮಚಕ್ಕೂ ಹೆಸರು ಬರೆದವನಲ್ಲ. ಮನೆಯಲ್ಲಿ ಮುಚ್ಚಳ ಹಾಕಿಕೊಂಡು ನೊಣ ಹೊಡೆಯಲು ಆಗುವುದಿಲ್ಲವಾದ್ದರಿಂದ ನಿಯಮ ಮಾಡಿದ್ದೇನೆ. ಕಿತ್ತಳೆ ಬಣ್ಣದ ಕನ್ನಡಕ ನಾನು ಹಾಕಿಕೊಳ್ಳಬೇಕು. ಕನ್ನಡಕ ಇರುವುದು ಒಂದೇ, ಹಾಗಾಗಿ ಉಳಿದವರು ಕೋಣೆಯಿಂದ ಹೊರಗಿರಬೇಕು. ಪಾತ್ರೆಗಳನ್ನೆಲ್ಲ ಹಳೆ ಸೀರೆಯಿಂದ ಮುಚ್ಚಬೇಕು. ಕನ್ನಡಿಗೆ ಟವೆಲು, ಟಿವಿಗೆ ಚಾದರ. ಏಕೆಂದು ಮಾತ್ರ ಮನೆಯಲ್ಲಿ ಬಿಡಿಸಿ ಹೇಳಿಲ್ಲ, ಅವರಿಗೆ ಅದು ಬರೀ ನೊಣ ಹೊಡೆಯುವ ಲೈಟು.

"ನೊಣ ಹೊಡಿಯೂಕೆ ಹೋಗಿ ಮನೆಯಲ್ಲಿದ್ದ ಪಾತ್ರೆಗೆಲ್ಲ ಮದುಮಗಳ ಹಂಗೆ ಮುಸುಕು ಹಾಕ್ದಿರಿ" ಎಂದು ಲತಾ ನಕ್ಕಳು. "ನಮ್ಗೆ ಯಾವಾಗ ಹಾಕ್ತಿರಿ?"

ನಗಲಿ. ನಿನ್ನೆ ಕಿಟಕಿಯ ಪರದೆಗೆ ಸ್ವಲ್ಪ ಕಿಡಿ ಹತ್ತಿತ್ತು, ಕೈಯಿಂದಲೇ ತಿಕ್ಕಿ ಆರಿಸಿದೆ. ಪ್ಲಾಸ್ಟಿಕ್ ಬಕೆಟಿಗೆ ಎರಡು ತೂತು. ಬರೆದಿಡುವಂಥ ವಿಷಯವಲ್ಲ.

ಸಾಹುಕಾರರಿಗೆ ಹೇಳಿದೆ. ಗಲ್ಲಾ ಬಿಟ್ಟು ಎದ್ದು ಬಂದು ಕೇಳಿದರು. "ಹೌದನ ದೇವಿದಾಸಾ? ನಂಗೂ ಒಂದು ಮಾಡ್ಕೊಡು ಮಾರಾಯ, ಮನೆಯಲ್ಲಿ ಜಿರಲೆ ಕಂಡ್ರೆ ಹೆಂಡ್ತಿ ಕುರ್ಚಿ ಹತ್ತಿ ನಿಲ್ತದೆ." ನೋಡೋಣ ಎಂದೆ. ಜಂಬ ಬಂದದ್ದು ಸುಳ್ಳಲ್ಲ.

ಸೆಪ್ಟೆಂಬರ್ 8, ಸೋಮವಾರ

ನಿನ್ನೆ ರಾತ್ರಿ ಚಂದ್ರಗ್ರಹಣ. ಲತಾ ನೀರಿನ ಕೊಡಕ್ಕೆ ಗರಿಕೆ ಹಾಕಿ, ಬಾಗಿಲು ಭದ್ರ ಮಾಡಿದ್ದಳು. ಅಂಗಳದ ಒಣಮೀನಿಗೆ ನಾಯಿ ಬಂತೆಂದು ಅಕ್ಕ ಮಾತ್ರ ಎದ್ದು ಹೊರಗೆ ಹೋದಳು. ಮೋಡದ ಸಂದಿಯಲ್ಲಿ ಕೆಂಪು ಚಂದ್ರ ಕಂಡನಂತೆ. ಬೆಳಿಗ್ಗೆ ಲತಾ ಅದಕ್ಕೇ ಗದರಿದಳು. ನಾನು ನಕ್ಕೆ. ಅದು ಬರೀ ನೆರಳು, ಚಂದ್ರನನ್ನು ನೋಡಿ ಯಾರ ಕಣ್ಣೂ ಹೋಗಿಲ್ಲ ಎಂದು ಇಬ್ಬರಿಗೂ ಪಾಠ ಮಾಡಿದೆ.

ಸಂಜೆ ಆರಕ್ಕೆ ಮನೆಗೆ ಬಂದೆ. ಸೋಮವಾರ ಮೀನು ಕೇಳುವವರು ಕಡಿಮೆ, ಅಕ್ಕನ ಬುಟ್ಟಿ ಅರ್ಧ ಹಾಗೇ ತಿರುಗಿ ಬಂದಿತ್ತು. ಅದರಲ್ಲಿ ರಿಬ್ಬನ್ ಮೀನು, ಕೈಯುದ್ದದ ಬೆಳ್ಳಿ ಪಟ್ಟಿಯಂಥದು. ಅಕ್ಕ ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದಳು. ಬುಟ್ಟಿಯ ಮೇಲೆ ಒಂದು ದೊಡ್ಡ ನೊಣ. ಪಾತ್ರೆಗಳು ಮುಚ್ಚಿಯೇ ಇದ್ದವು. ಕನ್ನಡಕ ಹಾಕಿಕೊಂಡು ಗುಂಡಿ ಒತ್ತಿದೆ. ಅದೇ ಹೊತ್ತಿಗೆ ಅಕ್ಕ ಸೆರಗಿನಿಂದ ಕೈ ಒರೆಸುತ್ತ ಬಾಗಿಲಿಗೆ ಬಂದಳು.

"ಅಯ್ಯ, ಮೀನು ಮಿಂಚ್ತು" ಎಂದಳು. ಕಣ್ಣು ಒರೆಸಿಕೊಂಡಳು.

ಬಲ್ಬಿನ ಬೆಳಕು ಎಂದೆ. ಲೇಸರ್, ಕನ್ನಡಕ ಎಲ್ಲವನ್ನೂ ಚೀಲಕ್ಕೆ ಹಾಕಿ ಅಟ್ಟಕ್ಕೆ ಎತ್ತಿಟ್ಟೆ. ನೋವೇನೂ ಇಲ್ಲವಂತೆ, ಕೂತು ಚಹಾ ಕುಡಿದಳು. ಬೆಳಕು ಅವಳ ಕಡೆ ತಿರುಗಿಯೇ ಇರಲಿಲ್ಲ. ಏನೂ ಆಗಿರಲಾರದು.

ಮನೆಯಲ್ಲಿ ಹೊಳೆಯುವುದನ್ನೆಲ್ಲ ಮುಚ್ಚಿದ್ದೆ. ಮೀನನ್ನು ಮುಚ್ಚಿರಲಿಲ್ಲ. ಹುಟ್ಟಿದಾಗಿನಿಂದ ಮೀನಿನ ನಡುವೆ ಇದ್ದವನು ನಾನು, ಮೀನು ಹೊಳೆಯುತ್ತದೆ ಎಂದು ನೆನಪೇ ಆಗಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಪೇಟೆಯಲ್ಲಿ ಅಕ್ಕನ ಪಕ್ಕ ಕೂರುವ ಮಾದೇವಿ ಇವತ್ತು ಮನೆಗೆ ಬಂದಿದ್ದಳು. ಅಕ್ಕ ಬೇಲೇಕೇರಿ ಬಂದರಿನ ಮೀನು ಹರಾಜಿನಲ್ಲಿ ಹಳಸಿದ ಬಂಗಡೆ ಎತ್ತಿಕೊಂಡು ಬಂದಳಂತೆ. ಕಿವಿರು ಕಪ್ಪಾಗಿತ್ತು, ಅಲ್ಲಿದ್ದ ಹೆಂಗಸರಿಗೆಲ್ಲ ಕಂಡಿತ್ತು, ಅಕ್ಕನಿಗೆ ಕಾಣಲಿಲ್ಲ. ನಲವತ್ತು ವರ್ಷದಲ್ಲಿ ಇದು ಮೊದಲ ಸಲ.

ಅಕ್ಕ ಮೂಲೆಯಲ್ಲಿ ಕೂತಿದ್ದಳು.

"ಎಂತಾ ಆತು ಅಕ್ಕಾ?"

"ಬಲಗಣ್ಣಿಗೆ ಒಂದು ಚುಕ್ಕಿ ಬಂದದೆ ತಮಾ. ಕಪ್ಪು. ತಿಕ್ಕಿದ್ರೂ ಹೋಗೂದಿಲ್ಲ. ಕಿವಿರು ಎತ್ತಿ ನೋಡ್ತೆ, ಅಲ್ಲಿ ಕಿವಿರೇ ಇಲ್ಲ, ಚುಕ್ಕಿ ಅದೆ."

ಸಕ್ಕರೆ ಕಾಯಿಲೆ ಇರಬಹುದು, ವಯಸ್ಸೂ ಆಯಿತಲ್ಲ ಎಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಅದು ಲೇಸರಿನದೇ ಎಂದು ಖಾತ್ರಿ ಎಲ್ಲಿದೆ? ಆ ಬೆಳಕು ಒಂದು ಕ್ಷಣವೂ ಇರಲಿಲ್ಲ. ನೋವೂ ಆಗಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಕಾರಣ ಸಿಕ್ಕಿತು. ಲತಾ ಹೇಳಿದಳು, ಮಾದೇವಿ ಹೌದೆಂದಳು, ಅಕ್ಕ ಒಪ್ಪಿಕೊಂಡಳು. ಗ್ರಹಣ ನೋಡಿದ ಮರುದಿನವೇ ಅಲ್ಲವೇ ಮೀನು ಮಿಂಚಿದ್ದು? ಗ್ರಹಣ ಹಿಡಿದ ಕಣ್ಣಿಗೇ ಮೀನು ಹಾಗೆ ಮಿಂಚುವುದು. ಮಾದೇವಿಯ ಅತ್ತೆಗೂ ಹಿಂದೆ ಹೀಗೇ ಏನೋ ಆಗಿತ್ತಂತೆ.

ಮೂವರೂ ನನ್ನ ಕಡೆ ನೋಡಿದರು. ಇಂಥ ಮಾತಿಗೆ ನಗುವವನು ಮನೆಯಲ್ಲಿ ನಾನೊಬ್ಬನೇ. ನಾನು ನಕ್ಕಿದ್ದರೆ ಅಕ್ಕ ಇದನ್ನು ಅರ್ಧವೂ ನಂಬುತ್ತಿರಲಿಲ್ಲ.

"ಯಾರಿಗೆ ಗೊತ್ತು" ಎಂದೆ. ಎರಡೇ ಶಬ್ದ. ಚಹಾದ ಲೋಟ ಬಾಯಿಗೆ ಇಟ್ಟುಕೊಂಡೆ. ಆ ಲೋಟದ ಮೇಲೆ ನಾನೇ ಬರೆದ ನನ್ನ ಹೆಸರು ಇತ್ತು.

ಸೆಪ್ಟೆಂಬರ್ 17, ಬುಧವಾರ

ಅಕ್ಕನನ್ನು ಕಾರವಾರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಭವ್ಯಾಳ ಓರಗೆಯ ಹುಡುಗಿ. ಕಣ್ಣಿಗೆ ಔಷಧ ಬಿಟ್ಟು, ಯಂತ್ರದ ಮುಂದೆ ಕೂರಿಸಿ, ಚಿತ್ರ ತೆಗೆದು ನನಗೆ ತೋರಿಸಿದರು. ಕಣ್ಣಿನ ಹಿಂಭಾಗದ ಪದರ, ಅದರ ನಟ್ಟ ನಡುವೆ ಒಂದು ಹಳ್ಳ.

"ಇದು ಸುಟ್ಟ ಗಾಯದ ಹಾಗೆ ಕಾಣ್ತಾ ಇದೆ. ಸೂರ್ಯನನ್ನ ನೋಡಿದ್ರಾ? ವೆಲ್ಡಿಂಗ್ ಹತ್ತಿರ ನಿಂತಿದ್ರಾ? ಮನೇಲಿ ಲೇಸರ್ ಲೈಟು ಏನಾದ್ರೂ ಇದೆಯಾ?"

ಕೇಳಿದ್ದು ಅಕ್ಕನನ್ನು, ಆದರೆ ನೋಡಿದ್ದು ನನ್ನನ್ನು. ನಾನು ಇಲ್ಲ ಎಂದೆ.

"ಗ್ರಹಣ ನೋಡ್ದೆ ಡಾಕ್ಟರಬಾಯಿ" ಎಂದಳು ಅಕ್ಕ. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ಹೇಳಿದಳು.

"ಚಂದ್ರಗ್ರಹಣದಿಂದ ಕಣ್ಣು ಸುಡೋದಿಲ್ಲಮ್ಮ."

"ನೀವು ಸಣ್ಣವ್ರು" ಎಂದಳು ಅಕ್ಕ.

ಡಾಕ್ಟರು ನಕ್ಕು ನನ್ನ ಕಡೆ ತಿರುಗಿದರು. ಏನು ಕೆಲಸ ಮಾಡುತ್ತೀರಿ ಎಂದರು. ಪಾತ್ರೆ ಅಂಗಡಿ ಎಂದೆ. ಸುಳ್ಳಲ್ಲ. ಕಾರಣ ತಿಳಿಯದೆ ಇದಕ್ಕೆ ಇಂಥದೇ ಔಷಧ ಎಂದು ಹೇಳಲಾಗುವುದಿಲ್ಲ, ಸದ್ಯ ಹನಿ ಹಾಕಿ, ಏನಾದರೂ ನೆನಪಾದರೆ ಕೂಡಲೇ ಬನ್ನಿ, ಇಲ್ಲವಾದರೆ ತಿಂಗಳು ಬಿಟ್ಟು ಬನ್ನಿ ಎಂದರು.

ನೆನಪಾದರೆ ಎಂದರು. ನನಗೆ ಬೇರೆ ಯಾವುದೂ ನೆನಪಿಲ್ಲ, ಅದೊಂದೇ ನೆನಪಿದೆ.

ಬಸ್ಸಿನಲ್ಲಿ ಅಕ್ಕ ನನ್ನ ತೋಳು ಹಿಡಿದುಕೊಂಡು ಕೂತಿದ್ದಳು. "ನಿನ್ನ ಒಂದು ದಿನದ ಕೆಲ್ಸ ಹಾಳು ಮಾಡ್ದೆ ತಮಾ" ಎಂದಳು. ಅಂಕೋಲೆ ಬರುವವರೆಗೂ ಕಿಟಕಿಯ ಹೊರಗೇ ನೋಡಿದೆ.

ಸೆಪ್ಟೆಂಬರ್ 18, ಗುರುವಾರ

ಇವತ್ತು ಹೇಳುವುದೆಂದು ಎದ್ದೆ. ಹೇಳಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕನ ಜೊತೆ ಬೇಲೇಕೇರಿಗೆ ಹೋಗುತ್ತಿದ್ದೇನೆ. ಅವಳು ಮೀನನ್ನು ಬೆರಳಿನಿಂದ ಒತ್ತಿ ನೋಡುತ್ತಾಳೆ, ನಾನು ಕಿವಿರಿನ ಬಣ್ಣ ಹೇಳುತ್ತೇನೆ. ಮೊದಲ ದಿನ ಕೆಂಪು ಎಂದೆ. ಎಂಥ ಕೆಂಪು ಎಂದು ಕೇಳಿದಳು. ದಾಸವಾಳದ್ದೋ, ಇಟ್ಟಿಗೆಯದ್ದೋ? ಈಗ ಸ್ವಲ್ಪ ಗೊತ್ತಾಗುತ್ತದೆ. ಅಲ್ಲಿಂದ ಬಂದು ಮಿಂದು ಎಂಟರ ಬಸ್ಸು ಹಿಡಿಯುತ್ತೇನೆ.

"ಕಾಶಿ ಪುಣ್ಯ ಮಾಡಿದ್ಲು, ಇಂಥಾ ತಮ್ಮ ಯಾರಿಗೆ ಸಿಗ್ತಾನೆ" ಎಂದಳು ಮಾದೇವಿ, ಹರಾಜಿನಲ್ಲಿ ಎಲ್ಲರೆದುರು. ಆ ಹೊಗಳಿಕೆ ನುಂಗಿಕೊಂಡು ನಿಂತೆ. ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸಂಜೆ ಭವ್ಯಾಳ ಫೋನು. ಅಕ್ಟೋಬರ್ ಹನ್ನೆರಡಕ್ಕೆ ಬಯಕೆ ಊಟ ಇಟ್ಟುಕೊಂಡಿದ್ದಾರೆ. ತಾಯಿ ಹಿಂದಿನ ದಿನವೇ ಬರಬೇಕು, ಬಾಯಿಗೆ ಮೊದಲ ತುತ್ತು ತಾಯಿಯೇ ಇಡಬೇಕು. ಅಕ್ಕ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದಳು.

"ನಾ ಬರೂದಿಲ್ಲ ಮಗಾ. ಗ್ರಹಣ ಹಿಡಿದ ಕಣ್ಣು ಇದು. ನಿನ್ನ ಹೊಟ್ಟೆ ಮೇಲೆ ಬೀಳೂದು ಬೇಡಾ."

ಆ ಕಡೆಯಿಂದ ಭವ್ಯಾ ಅಳುವುದು ನನಗೂ ಕೇಳಿತು. ಅಕ್ಕ ಜಗ್ಗಲಿಲ್ಲ. ಕೂಸು ಹುಟ್ಟಿ ಹನ್ನೆರಡು ದಿನ ಕಳೆಯುವವರೆಗೆ ಮಗಳ ಎದುರು ಬರುವುದಿಲ್ಲವೆಂದು ದೇವರ ಮುಂದೆ ಹೇಳಿಕೊಂಡಿದ್ದಾಳಂತೆ. ಯಾವಾಗ ಹೇಳಿಕೊಂಡಳೋ, ನಮಗೆ ಗೊತ್ತೇ ಇಲ್ಲ.

ಒಂದು ಮಾತು ಹೇಳಿದರೆ ಇದೆಲ್ಲ ಇವತ್ತೇ ಮುಗಿಯುತ್ತದೆ. ನಾನು ಎಂಥವನು ಎಂದು ನನಗೆ ಈಗ ಗೊತ್ತಾಗುತ್ತಿದೆ, ಗೊತ್ತಾದದ್ದು ಚೆನ್ನಾಗಿಲ್ಲ.

ಅಕ್ಟೋಬರ್ 4, ಶನಿವಾರ

ಅಕ್ಕ ಒಂದು ಹಿತ್ತಾಳೆಯ ಕೊಡ ತರಿಸಿದ್ದಾಳೆ. ಭವ್ಯಾ ಹುಟ್ಟುವ ಮೊದಲು ನಮ್ಮ ಸೋದರತ್ತೆ ಅಕ್ಕನಿಗೂ ಇಂಥದೇ ಕೊಟ್ಟಿದ್ದಳು. ಇದು ಭವ್ಯಾಳಿಗೆ ಬಯಕೆಯ ದಿನ ಕೊಡುವುದಕ್ಕೆ.

"ಹೆಸರು ಹಾಕ್ಕೊಡು" ಎಂದಳು.

"'ಭವ್ಯಾಳಿಗೆ ಆಯಿಯಿಂದ' ಹೇಳಿ ಹಾಕ್ತೆ."

"ಬೇಡಾ. ನನ್ನ ಹೆಸರು ಅದ್ರ ಮೇಲೆ ಬೇಡಾ ತಮಾ. ಭವ್ಯಾ ದಿನಾ ಅದ್ರಲ್ಲಿ ನೀರು ತಕಂಬೂದು. ನಿಂದು ಹಾಕು. ಸೋದರಮಾವನ ಹೆಸರು ಒಳ್ಳೇದು."

ಅಲುಗುತ್ತ ಕೊರೆಯುವ ಹಳೆಯ ಪೆನ್ನಿನಿಂದಲೇ ಬರೆದೆ, ಲೇಸರ್ ಮುಟ್ಟಲಿಲ್ಲ. 'ಚಿ. ಭವ್ಯಾಳಿಗೆ, ಮಾಮಾ ದೇವಿದಾಸನಿಂದ.' ಅಕ್ಷರ ಚೆನ್ನಾಗಿಯೇ ಬಂತು. ಸಾಹುಕಾರರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಭೇಷ್ ಎಂದರು. ಒಂದಾದರೂ ಅಕ್ಷರ ಸೊಟ್ಟಗಾಗಬಾರದಿತ್ತೇ ಎನಿಸಿತು.

ಬರೆಯುತ್ತಿದ್ದಾಗ ಈ ಪುಟದ ಮೇಲೆ ಒಂದು ನೊಣ ಬಂದು ಕೂತಿತ್ತು. ಅದು ಎದ್ದು ಹೋಗುವವರೆಗೆ ಪೆನ್ನು ಹಿಡಿದು ಕಾದೆ.

ಅಕ್ಟೋಬರ್ 12, ರವಿವಾರ

ಕಾರವಾರದ ಬೈತಖೋಲದಲ್ಲಿರುವ ಭವ್ಯಾಳ ಮನೆಗೆ ನಾನು, ಲತಾ ಹೋದೆವು. ಅಕ್ಕ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಉಂಡೆ, ಸುಕ್ರುಂಡೆ, ಕಾಯಿ ಹಾಕಿದ ಕಡುಬು ಎಲ್ಲ ಮಾಡಿ ಡಬ್ಬಿಗೆ ತುಂಬಿ, ಡಬ್ಬಿಗಳನ್ನು ಲತಾಳ ಕೈಯಿಂದಲೇ ಮುಚ್ಚಿಸಿದಳು. ತಾನು ಮಾಡಿದ್ದೆಂದು ಅಲ್ಲಿ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ಬಸ್‌ಸ್ಟ್ಯಾಂಡಿನವರೆಗೂ ಬಂದಳು. ಬಸ್ಸು ಹೊರಟಾಗ ಕೈ ಎತ್ತಿದಳು, ನಾವು ಕೂತ ಕಿಟಕಿಗೆ ಅಲ್ಲ, ಬೇರೆ ಯಾವುದಕ್ಕೋ.

ಭವ್ಯಾ ಹಸಿರು ಸೀರೆ ಉಟ್ಟಿದ್ದಳು. ನಮ್ಮ ಹಿಂದೆ ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ.

"ಆಯಿ ಬಂದೇ ಇಲ್ಲಲ್ಲ ಮಾಮಾ."

"ಆಯಿಗೆ ಕಣ್ಣು ಸರಿ ಇಲ್ಲ ಮಗಾ."

ಎಲೆ ಹಾಕಿದರು. ಮೊದಲ ತುತ್ತು ಯಾರು ಇಡಬೇಕು ಎಂಬ ಮಾತು ಬಂತು. ಅವಳ ಅತ್ತೆ ಒಳ್ಳೆಯ ಹೆಂಗಸು, "ತಾಯಿ ಇಲ್ಲದಿದ್ರೆ ಸೋದರಮಾವ ಇಟ್ರೂ ತಪ್ಪಿಲ್ಲ" ಎಂದಳು. ಎಲ್ಲರೂ ಜಾಗ ಬಿಟ್ಟರು. ನಾನು ಕೂತೆ. ಅಕ್ಕ ಮಾಡಿದ ಕಡುಬನ್ನು ಮುರಿದು ಭವ್ಯಾಳ ಬಾಯಿಗೆ ಇಟ್ಟೆ. ಒಂದು ಸಲ ಅಗಿದವಳು ಅಲ್ಲಿಗೇ ನಿಲ್ಲಿಸಿದಳು. ತಾಯಿಯ ಕೈಯ ರುಚಿ ಮಗಳಿಗೆ ಗೊತ್ತಾಗದೇ ಇರುತ್ತದೆಯೇ? ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡುತ್ತ ನುಂಗಿದಳು. ಹೆಂಗಸರು ಹಾಡು ಹೇಳುತ್ತಿದ್ದರು. ನಾನು ಎರಡನೆಯ ತುತ್ತನ್ನೂ ಇಟ್ಟೆ, ಮೂರನೆಯದನ್ನೂ ಇಟ್ಟೆ.

ಮನೆಗೆ ಬಂದಾಗ ಅಕ್ಕ ಹೊಸ್ತಿಲಲ್ಲೇ ಕೂತಿದ್ದಳು. ಏನು ಸೀರೆ, ಹೊಟ್ಟೆ ಎಷ್ಟು ಬಂದಿದೆ, ಕಾಲು ಊದಿದೆಯೇ, ಕಡುಬು ತಿಂದಳೇ, ಎಷ್ಟು ತಿಂದಳು. ಎಲ್ಲಕ್ಕೂ ಲತಾ ಉತ್ತರ ಕೊಟ್ಟಳು. ನಾನು ಹಿತ್ತಿಲಿಗೆ ಹೋಗಿ ಕೈ ತೊಳೆದೆ.

ಅಕ್ಟೋಬರ್ 13, ಸೋಮವಾರ

ಇವತ್ತು ಹೇಳಿದೆ. ಆದರೆ ಮೊದಲು ಹೇಳಿದ್ದು ಅಕ್ಕನಿಗಲ್ಲ. ಅದನ್ನೂ ಬರೆಯಬೇಕು.

ಬೆಳಿಗ್ಗೆ ಸಾಹುಕಾರರು ಒಂದು ಪೊಟ್ಟಣ ಬಿಚ್ಚಿ ತೋರಿಸಿದರು. ಫೋನಿನಲ್ಲಿ ನೋಡಿ ತರಿಸಿದ ಲೇಸರ್ ಟಾರ್ಚು, ಪೆನ್ನಿಗಿಂತ ಸ್ವಲ್ಪ ದಪ್ಪ. "ನೀ ಮಾಡ್ಕೊಡೂದಿಲ್ಲ, ಅದ್ಕೆ ನಾನೇ ತರಿಸ್ದೆ. ಇವತ್ತು ಸಂಜೆ ಮೊಮ್ಮಗಳ ಕೂಡೆ ಜಿರಲೆ ಬೇಟೆ." ಆ ಮೊಮ್ಮಗಳಿಗೆ ಆರು ವರ್ಷ. ಅಂಗಡಿಯ ತುಂಬ ಉಕ್ಕಿನ ಪಾತ್ರೆಗಳು, ಅವರು ಅದನ್ನು ಉರಿಸಲು ಗುಂಡಿ ಹುಡುಕುತ್ತಿದ್ದರು.

ನಾನು ಅವರ ಕೈ ಹಿಡಿದೆ. ಇಪ್ಪತ್ತಾರು ವರ್ಷದಲ್ಲಿ ಸಾಹುಕಾರರ ಕೈ ಮುಟ್ಟಿದವನಲ್ಲ. ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ನೊಣ, ಬುಟ್ಟಿ, ಮೀನು, ಅಕ್ಕ, ಗ್ರಹಣ. ಅವರು ಆ ಟಾರ್ಚನ್ನು ಮೆಲ್ಲಗೆ ಪೊಟ್ಟಣದೊಳಗೆ ಇಟ್ಟರು.

"ನಿನ್ನ ಅಕ್ಕನಿಗೆ ಗೊತ್ತದ್ಯಾ?"

"ಇಲ್ಲ."

"ಮನೆಗೆ ಹೋಗು ದೇವಿದಾಸಾ" ಎಂದರು. ಅಷ್ಟೇ.

ಹನ್ನೊಂದರ ಬಸ್ಸಿಗೆ ಬಂದೆ. ಧೈರ್ಯ ಬಂತೆಂದು ಬಂದದ್ದಲ್ಲ. ಮಾತು ಕಾರವಾರದಿಂದ ಹೊರಟು ನನಗಿಂತ ಮೊದಲು ಅಂಕೋಲೆಗೆ ಮುಟ್ಟೀತೆಂದು ಹೆದರಿ ಬಂದೆ. ಹಾಗೆಯೇ ಬರೆದಿಡುತ್ತೇನೆ.

ಅಕ್ಕ ಅಂಗಳದಲ್ಲಿ ಒಣಸಿಗಡಿಯ ತಲೆ ಮುರಿಯುತ್ತ ಕೂತಿದ್ದಳು, ಕಣ್ಣು ಬೇಡದ ಕೆಲಸ. ನಾನು ಎದುರಿಗೆ ಕೂತು ಹೇಳಿದೆ. ಬಿಡದೆ ಹೇಳಿದೆ. ಡಾಕ್ಟರು ಕೇಳಿದಾಗ ಇಲ್ಲ ಎಂದದ್ದನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ, ಸಿಗಡಿ ಮುರಿಯುತ್ತಲೇ ಇದ್ದಳು.

"ಮೀನಿಂದ ಬಂತು ಅಂದೆ, ಆ ಬೆಳಕು?"

"ಹೌದು."

"ಚಂದ್ರ ಅಲ್ಲ?"

"ಅಲ್ಲ."

"ದೋಷ ಅಲ್ಲ? ಕೂಸಿಗೆ ಎಂತದೂ ಇಲ್ಲ?"

"ಎಂತದೂ ಇಲ್ಲ ಅಕ್ಕಾ. ಮೊದ್ಲೂ ಇರ್ಲಿಲ್ಲ."

ಆಗ ಕೈ ನಿಂತಿತು.

"ಹಂಗಾರೆ ನಾ ನಿನ್ನೆ ಹೋಗ್ಬಹುದಿತ್ತು" ಎಂದಳು.

ಬೈದಾಳು, ಹೊಡೆದಾಳು ಎಂದುಕೊಂಡಿದ್ದೆ. ಮುರಿದ ತಲೆಗಳನ್ನು ಒಂದು ಕಡೆ ಗುಡ್ಡೆ ಮಾಡಿ ಹೇಳಿದಳು: "ಕಣ್ಣಿಂದು ನಿಂಗೆ ಗೊತ್ತಿಲ್ದೇ ಆತು. ನಿನ್ನೆ ದಿನದ್ದು ಗೊತ್ತಿದ್ದೇ ಮಾಡ್ದೆ ತಮಾ." ಮೊರ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಕರೆದಳು, ಬಡಿಸಿದಳು.

ಅಕ್ಟೋಬರ್ 14, ಮಂಗಳವಾರ

ಬೆಳಿಗ್ಗೆ ಅಕ್ಕ ಹೊಸ ಸೀರೆ ಉಟ್ಟು ನಿಂತಿದ್ದಳು. "ಕಾರವಾರಕ್ಕೆ ಕರ್ಕಂಡು ಹೋಗು" ಎಂದಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು, ಆದರೆ ಕೈಗಳನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಮೊದಲು ಡಾಕ್ಟರ ಹತ್ತಿರ ಹೋದೆವು. ನಾನೇ ಬಾಯಿ ಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆ ಬೆಳಕು ರೆಪ್ಪೆ ಮುಚ್ಚುವ ಮೊದಲೇ ಸುಟ್ಟು ಮುಗಿಸಿರುತ್ತದಂತೆ. ನೋವು ಆಗದೇ ಇರುವುದೇ ಅದರ ಮೋಸವಂತೆ. ನೆಟ್ಟಗೆ ಬೀಳಬೇಕೆಂದಿಲ್ಲ, ತಾಗಿ ಬಂದದ್ದೂ ಸಾಕು. ನೀವು ಹಾಕಿಕೊಂಡ ಕನ್ನಡಕ ನಿಮ್ಮೊಬ್ಬರ ಕಣ್ಣು ಕಾಯಿತು ಎಂದರು. ಮೊದಲ ಸಲ ಬಂದಾಗಲೇ ಹೇಳಿದ್ದರೆ ಬಾವು ಇಳಿಸುವ ಔಷಧ ಕೊಟ್ಟು ನೋಡಬಹುದಿತ್ತು, ಗುಣವಾಗುತ್ತಿತ್ತೆಂದು ಹೇಳಲಾರೆ, ಆಗುತ್ತಿರಲಿಲ್ಲ ಎಂದೂ ಹೇಳಲಾರೆ ಎಂದರು. ಇನ್ನು ತಾನಾಗಿ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಅಲ್ಲ. ಎಡಗಣ್ಣಿನ ಪೊರೆ ಬೇಗ ತೆಗೆಸಬೇಕು. ನನ್ನನ್ನು ಬೈಯಲಿಲ್ಲ. ಚೀಟಿಯಲ್ಲಿ ಕಾರಣ ಎಂಬಲ್ಲಿ ಲೇಸರ್ ಎಂದು ಬರೆದರು. ನಾನು ಅದನ್ನು ಮಡಚಿ ಕಿಸೆಗೆ ಹಾಕಿದೆ.

ಅಲ್ಲಿಂದ ರಿಕ್ಷಾ ಮಾಡಿ ಬೈತಖೋಲಕ್ಕೆ ಬಂದೆವು. ಅಕ್ಕ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು, ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತೆ. ಭವ್ಯಾ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು.

ಅಕ್ಕ ಮುಖ ಎತ್ತಿದಳು. ಆದರೆ ಮಗಳನ್ನು ನೋಡಲಿಲ್ಲ. ಅವಳ ಕಿವಿಯ ಆಚೆಗೆ, ಬಾಗಿಲ ಚೌಕಟ್ಟಿನ ಕಡೆಗೆ ದೃಷ್ಟಿ ನೆಟ್ಟಳು. ಭವ್ಯಾ ಹಿಂತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಆಯಿ, ಯಾರನ್ನ ನೋಡ್ತೆ?"

"ನಿನ್ನೇ ಮಗಾ. ನೆಟ್ಟಗೆ ನೋಡಿದ್ರೆ ನೀ ಇರೂದಿಲ್ಲ. ಹೀಂಗೆ ಬದಿಗೆ ನೋಡಿದ್ರೆ ಸ್ವಲ್ಪ ಕಾಣ್ತೆ."

ತಿಂಗಳಿಡೀ ಒಂದೇ ಮನೆಯಲ್ಲಿದ್ದೆ, ಅವಳು ಹಾಗೆ ನೋಡುವುದು ನನಗೆ ತಿಳಿದಿರಲಿಲ್ಲ. ಅವಳ ಮುಖ ನೋಡಿದ್ದರೆ ತಾನೇ ತಿಳಿಯುವುದು?

ಭವ್ಯಾ ನನ್ನ ಕಡೆ ತಿರುಗಿದಳು. "ಮಾಮಾ, ಆಯಿಗೆ ಎಂತಾ ಆತು?"

ಅಕ್ಕ ಉತ್ತರವನ್ನು ನನಗೇ ಬಿಟ್ಟಳು. ನಾನು ಬೀದಿಗೆ ಬೆನ್ನು ಹಾಕಿ, ಆ ಮೆಟ್ಟಿಲ ಮೇಲೆಯೇ ನಿಂತು, ನಾಲ್ಕನೆಯ ಸಲ ಹೇಳಿದೆ. ಹೇಳಿ ಹೇಳಿ ಸಲೀಸಾಗಬೇಕಿತ್ತು, ಆಗಲಿಲ್ಲ. ಭವ್ಯಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೊನೆಯವರೆಗೂ ಕೇಳಿದಳು.

"ಮೊನ್ನೆ ನನ್ನ ಬಾಯಿಗೆ ತುತ್ತು ಇಟ್ರಲ್ಲ. ಆಗ ನಿಮ್ಗೆ ಗೊತ್ತಿತ್ತಾ ಮಾಮಾ?"

"ಗೊತ್ತಿತ್ತು."

ಅವಳು ತಾಯಿಯ ಕೈ ಹಿಡಿದು, ಹೊಸ್ತಿಲು ಎಲ್ಲಿದೆ ಎಂದು ಹೇಳಿ, ಒಳಗೆ ಕರೆದುಕೊಂಡು ಹೋದಳು. ಬಾಗಿಲು ಹಾಕಲಿಲ್ಲ. ನನ್ನನ್ನು ಬಾ ಎಂದೂ ಅನ್ನಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ.